ಅರ್ಥವಾಗದ ಹಾಡುಗಳ ಕಾಲ



ತರಗತಿಯಲ್ಲಿ ನಿಮ್ಮಿಂದ ಷಟ್ಪದಿಗೆ ಪ್ರಸ್ತಾರ ಹಾಕಿಸುತ್ತಿದ್ದ ಕನ್ನಡ ಮಾಸ್ತರನು ಇಂಗ್ಲೆಂಡಿನ ಬೀಟಲ್ಸ್ ತಂಡದ ಅಭಿಮಾನಿಯಾಗಿದ್ದನೆಂದರೆ ನಿಮ್ಮಲ್ಲಿ ಹಲವರು ನಂಬಲಿಕ್ಕಿಲ್ಲ. ಈ ಸಂಗತಿಯನ್ನು ನಾನು ಸೇವೆಯಲ್ಲಿದ್ದಷ್ಟು ಕಾಲವೂ ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದುದರಿಂದ ಒಂದು ತಪ್ಪೂ ನಡೆದುಹೋಯಿತು. ಅದನ್ನು ಕೊನೆಯಲ್ಲಿ ನಿವೇದಿಸುತ್ತೇನೆ.

1966ರಲ್ಲಿ ನಾನು ಕಾಲೇಜು ವಿದ್ಯಾಭ್ಯಾಸಕ್ಕಾಗಿ ಗುಲಬರ್ಗಾಕ್ಕೆ ಬಂದೆ. ವಸತಿಗೃಹದ ಒಂದೇ ಕೋಣೆಯಲ್ಲಿ ನಾವು ಮೂವರು. ಅಲ್ಲಿ ಹೆಸರಿಗಿಂತ ಊರಿನಿಂದ ಕರೆಯುವ ರೂಢಿ ಇತ್ತು. ಹೀಗಾಗಿ ನಾನು 'ಆಳಂದ', ಉಳಿದಿಬ್ಬರು 'ಅಫಜಲಪುರ' ಮತ್ತು 'ಜೇವರ್ಗಿ'. ನಮ್ಮ ತಾಲ್ಲೂಕಿನಲ್ಲಿ ಹುಟ್ಟುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಆ ಭೀಮೆ ಮುಂದೆ ಜೇವರ್ಗಿಯ ಸೀಮೆಯಲ್ಲಿ ಹರಿಯುತ್ತಾಳೆ. ನಮ್ಮ ಗೆಳೆತನವನ್ನು ನೀರೇ ಮೊದಲು ನಿಶ್ಚಯಿಸಿತ್ತೆಂದು ನಾವು ತಮಾಷೆ ಮಾಡಿಕೊಳ್ಳುತ್ತಿದ್ದೆವು.

ಅಫಜಲಪುರದವನ ಸೋದರಮಾವ ಮುಂಬಯಿಯಿಂದ ಅವನಿಗೊಂದು ಟ್ರಾನ್ಸಿಸ್ಟರ್ ತಂದುಕೊಟ್ಟಿದ್ದರು. ಗುಲಬರ್ಗಾದಲ್ಲಿ ಆಕಾಶವಾಣಿ ಆರಂಭವಾದದ್ದೂ ಅದೇ 1966ರಲ್ಲಿ. ಆದರೆ ರಾತ್ರಿ ಊಟವಾದ ಮೇಲೆ ನಾವು ಮಾಳಿಗೆಯ ಮೇಲೆ ಕುಳಿತು ಹುಡುಕುತ್ತಿದ್ದುದು ಶಾರ್ಟ್‌ವೇವ್‌ನಲ್ಲಿ ಬರುತ್ತಿದ್ದ ರೇಡಿಯೊ ಸಿಲೋನಿನ ಇಂಗ್ಲಿಷ್ ಹಾಡುಗಳನ್ನು. ಧ್ವನಿ ಅಲೆಯಂತೆ ಏರುವುದು, ಇಳಿಯುವುದು, ಹಾಡಿನ ನಡುವೆಯೇ ಮುಳುಗುವುದು. ಹಾಗೆ ಮುಳುಗಿ ತೇಲಿ ನಮ್ಮ ಮಾಳಿಗೆಗೆ ಬಂದವರು ಲಿವರ್‌ಪೂಲ್ ಎಂಬ ಬಂದರು ಪಟ್ಟಣದ ನಾಲ್ವರು ತರುಣರು: ಜಾನ್, ಪಾಲ್, ಜಾರ್ಜ್, ರಿಂಗೊ.

1964ರ ಫೆಬ್ರವರಿಯಲ್ಲಿ ಅಮೆರಿಕದ ದೂರದರ್ಶನದಲ್ಲಿ ಅವರು ಹಾಡಿದಾಗ ಸುಮಾರು 7.3 ಕೋಟಿ ಜನ ನೋಡಿದರಂತೆ. ನಾವು ಅವರ ಒಂದು ಫೋಟೋವನ್ನೂ ಸರಿಯಾಗಿ ಕಂಡಿರಲಿಲ್ಲ. ಇನ್ನೊಂದು ವಿಚಿತ್ರವನ್ನು ಎಷ್ಟೋ ವರ್ಷಗಳ ನಂತರ ತಿಳಿದೆ. 1966ರ ಆಗಸ್ಟ್ 29ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹಾಡಿದ ಮೇಲೆ ಅವರು ಊರೂರು ತಿರುಗಿ ಕಛೇರಿ ಮಾಡುವುದನ್ನೇ ನಿಲ್ಲಿಸಿದ್ದರು. ಅಂದರೆ ನಾವು ಅಭಿಮಾನಿಗಳಾಗುವ ಹೊತ್ತಿಗೆ ಅಲ್ಲಿ ಜಾತ್ರೆ ಮುಗಿದಿತ್ತು. ನಮ್ಮಲ್ಲಿ ಆಗಷ್ಟೇ ತೇರು ಹೊರಟಿತ್ತು!

ನಮಗೆ ಆ ಇಂಗ್ಲಿಷ್ ತಿಳಿಯುತ್ತಿರಲಿಲ್ಲ. ಕೇಳಿದಷ್ಟನ್ನು ಕನ್ನಡ ಲಿಪಿಯಲ್ಲಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆವು. ಒಂದೇ ಸಾಲು ಮೂರು ನೋಟ್‌ಬುಕ್ಕುಗಳಲ್ಲಿ ಮೂರು ಬಗೆ. ಯಾವುದು ಸರಿಯೆಂದು ಮಧ್ಯರಾತ್ರಿಯವರೆಗೆ ಜಗಳ. ಒಮ್ಮೆ ವಸತಿಗೃಹದ ಮೇಲ್ವಿಚಾರಕರು ಮೆಟ್ಟಿಲೇರಿ ಬಂದು, "ಏ ತಮ್ಮಾ, ಏನ್ ಗದ್ದಲ ಹಚ್ಚೀರಿ? ತಿಳೀಲಾರದ ಹಾಡು ಕೇಳಿ ಏನ್ ಮಾಡ್ತೀರಿ?" ಎಂದು ಗದರಿದರು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಆದರೆ ಮರುರಾತ್ರಿ ಮತ್ತೆ ಮಾಳಿಗೆ ಹತ್ತಿದೆವು.

ಉತ್ತರ ಕೊಟ್ಟವನು ಜೇವರ್ಗಿಯ ಗೆಳೆಯ. ಅವನದು ಭಜನೆಯ ಮನೆತನ. ಆಗ ಜೇವರ್ಗಿ ತಾಲ್ಲೂಕಿನಲ್ಲಿದ್ದ ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ತಂದೆಯ ತೊಡೆಯ ಮೇಲೆ ಕುಳಿತು ಕೇಳಿದವನು. ಸಹಪಾಠಿಯೊಬ್ಬನ ಮನೆಗೆ ಹೈದರಾಬಾದಿನಿಂದ ಬೀಟಲ್ಸರ ಧ್ವನಿಮುದ್ರಿಕೆಯೊಂದು ಬಂದಿತ್ತು. 1967ರಲ್ಲಿ ಹೊರಬಂದ ಆ ತಟ್ಟೆಯಲ್ಲಿ ಜಾರ್ಜ್ ಹ್ಯಾರಿಸನ್ನರು ಭಾರತೀಯ ವಾದಕರೊಂದಿಗೆ ಹಾಡಿದ ಹಾಡೊಂದಿತ್ತು. ತಂಬೂರಿ, ಸಿತಾರ, ತಬಲಾ, ದಿಲ್‌ರುಬಾ ಎಲ್ಲವೂ ಇದ್ದವು. ಅದು ಮುಗಿದಾಗ ಗೆಳೆಯ ಮೆಲ್ಲಗೆ ಹೇಳಿದ: "ನಮ್ಮಪ್ಪ ಹಾಡೋದರಾಗ ಅರ್ಧಾನೂ ನನಗ ತಿಳಿಯಂಗಿಲ್ಲ. ಆದ್ರ ಏಕತಾರಿ ಮೀಟಿದ ಕೂಡಲೇ ಎದ್ದು ಹೋಗಾಕ ಮನಸ್ಸಾಗಂಗಿಲ್ಲ. ಇದೂ ಹಂಗೇ ಅದ." ಇದಕ್ಕಿಂತ ಉತ್ತಮವಾದ ಕಾವ್ಯಮೀಮಾಂಸೆಯನ್ನು ನಾನು ಮುಂದೆ ಎಂ.ಎ. ಓದುವಾಗಲೂ ಕೇಳಲಿಲ್ಲ.

1968ರಲ್ಲಿ ಅವರು ಹೃಷೀಕೇಶಕ್ಕೆ, ಮಹರ್ಷಿ ಮಹೇಶ ಯೋಗಿಗಳ ಆಶ್ರಮಕ್ಕೆ ಬಂದ ಸುದ್ದಿ ಓದಿ ನಮ್ಮ ಮನೆಗೇ ನೆಂಟರು ಬಂದಷ್ಟು ಸಂಭ್ರಮಪಟ್ಟೆವು. 1970ರಲ್ಲಿ ತಂಡ ಒಡೆಯಿತು. ಅಷ್ಟರಲ್ಲಿ ನಾವೂ ಚದುರಿದ್ದೆವು. 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಜಾನ್ ಲೆನ್ನನ್ನರನ್ನು ಗುಂಡಿಕ್ಕಿ ಕೊಂದರು. ವಾರದ ನಂತರ ಅಫಜಲಪುರದಿಂದ ಒಂದು ಕಾರ್ಡು ಬಂತು. 'ಮಾಳಿಗೆ ನೆನಪಾಯಿತು' ಎಂದಷ್ಟೇ ಬರೆದಿತ್ತು.

ಈಗ ಆ ತಪ್ಪಿನ ಮಾತು. 1986ರ ಸುಮಾರಿಗೆ ಪರೀಕ್ಷೆಯ ದಿನಗಳಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನ ಚೀಲದಲ್ಲಿ ಕ್ಯಾಸೆಟ್ ಕಂಡಿತು. ಇಂಗ್ಲಿಷ್ ಹಾಡುಗಳೆಂದ. "ಇದರ ಅರ್ಥ ಗೊತ್ತೇನು ನಿನಗೆ?" ಎಂದು ಎಲ್ಲರೆದುರು ಕೇಳಿದೆ. "ಇಲ್ರಿ ಸರ್. ಆದ್ರ ಚೊಲೊ ಅನಸ್ತದ್ರಿ" ಎಂದ. ತರಗತಿ ನಕ್ಕಿತು. ನಾನೂ ನಕ್ಕೆ. ಕ್ಯಾಸೆಟ್ಟನ್ನು ಕಸಿದುಕೊಂಡು, ಪರೀಕ್ಷೆ ಮುಗಿದ ಮೇಲೆ ಒಯ್ಯು ಎಂದೆ. ಅವನು ಬರಲಿಲ್ಲ; ಅವನ ಮನೆಯವರು ಊರು ಬಿಟ್ಟರೆಂದು ಆಮೇಲೆ ತಿಳಿಯಿತು. ಬೇಸಿಗೆ ರಜೆಯಲ್ಲಿ ಮೇಜಿನ ಖಾನೆ ಶುಚಿ ಮಾಡುವಾಗ ಆ ಕ್ಯಾಸೆಟ್ಟಿನ ಮೇಲಿನ ಚೀಟಿಯನ್ನು ಮೊದಲ ಬಾರಿ ಓದಿದೆ. ಇಂಗ್ಲಿಷ್ ಹಾಡುಗಳ ಹೆಸರುಗಳನ್ನು ಹುಡುಗ ಕನ್ನಡ ಲಿಪಿಯಲ್ಲಿ, ತನ್ನ ಕಿವಿಗೆ ಬಿದ್ದಂತೆ, ತಪ್ಪುತಪ್ಪಾಗಿ ಬರೆದುಕೊಂಡಿದ್ದ. ಅವು ಬೀಟಲ್ಸರ ಹಾಡುಗಳಲ್ಲ, ನಾನರಿಯದ ಯಾರವೋ. ಆದರೆ ಆ ಬರವಣಿಗೆ ನನ್ನ ನೋಟ್‌ಬುಕ್ಕಿನದೇ ಆಗಿತ್ತು. ಮೇಲ್ವಿಚಾರಕರು ನಮ್ಮನ್ನು ಗದರಿ ಕೆಳಗಿಳಿದು ಹೋಗಿದ್ದರು, ಟ್ರಾನ್ಸಿಸ್ಟರನ್ನು ಒಯ್ದಿರಲಿಲ್ಲ. ನಾನು ಅವರಷ್ಟೂ ದೊಡ್ಡವನಾಗಲಿಲ್ಲ.

2023ರ ನವೆಂಬರ್‌ನಲ್ಲಿ ಬೀಟಲ್ಸರ ಕೊನೆಯ ಹಾಡೆಂದು ಒಂದು ಹಾಡು ಹೊರಬಂತು. ಲೆನ್ನನ್ ಎಪ್ಪತ್ತರ ದಶಕದಲ್ಲಿ ಮನೆಯಲ್ಲಿ ಪಿಯಾನೊ ನುಡಿಸುತ್ತ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ ಧ್ವನಿಯನ್ನು ಹೊಸ ತಂತ್ರಜ್ಞಾನದಿಂದ ಬೇರ್ಪಡಿಸಿ, 2001ರಲ್ಲಿ ತೀರಿಕೊಂಡ ಹ್ಯಾರಿಸನ್ನರು 1995ರಲ್ಲಿ ನುಡಿಸಿದ್ದ ಗಿಟಾರನ್ನು ಕೂಡಿಸಿ, ಉಳಿದಿಬ್ಬರು ಪೂರ್ಣಗೊಳಿಸಿದ್ದರು. ಕಲಬುರಗಿಯಲ್ಲಿ ಜೇವರ್ಗಿಯ ಗೆಳೆಯನ ಮನೆಯಲ್ಲಿ ಅವನ ಮೊಮ್ಮಗಳು ಮೊಬೈಲಿನಲ್ಲಿ ಅದನ್ನು ಹಚ್ಚಿದಳು. ಧ್ವನಿ ಏರಲಿಲ್ಲ, ಇಳಿಯಲಿಲ್ಲ. ಪ್ರತಿ ಅಕ್ಷರವೂ ಸ್ಪಷ್ಟವಾಗಿತ್ತು. ಅರ್ಥವೂ ಆಯಿತು. ಅಫಜಲಪುರದ ಗೆಳೆಯ ಅದಕ್ಕೂ ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದ. "ಅವ ಇದ್ದಿದ್ರ ಈ ಸಾಲು ಹಂಗಲ್ಲ ಅಂತ ಜಗಳ ತೆಗೀತಿದ್ದ" ಎಂದು ಜೇವರ್ಗಿಯವನು ನಕ್ಕ. ಬಳಿಕ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಅಭಿಮಾನಿಗಳು ತಮ್ಮ ನೆಚ್ಚಿನ ತಂಡದ ವೈಭವದ ಕಾಲವನ್ನು ನೆನೆಯುತ್ತಾರೆ. ನಾನು ನೆನೆಯುವುದು ನಮ್ಮ ಕಿವಿಗಳ ವೈಭವದ ಕಾಲವನ್ನು. ತಿಳಿಯದ್ದಕ್ಕೂ ಮನಸ್ಸು ಪೂರ್ತಿಯಾಗಿ ತೆರೆದುಕೊಳ್ಳುತ್ತಿದ್ದ ಕಾಲವದು. ಅರ್ಥ ಕೇಳುವ ಕೆಲಸ ಸಿಕ್ಕ ಮೇಲೆ ನನಗದು ಮರೆತೇಹೋಯಿತು.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ನಿಮ್ಮಲ್ಲಿ ಯಾರಿಗಾದರೂ ಅವನ ಸುಳಿವಿದ್ದರೆ ಇದನ್ನು ತಲುಪಿಸಿರಿ. ತಮ್ಮಾ, ನಿನ್ನ ಕ್ಯಾಸೆಟ್ ನನ್ನ ಟ್ರಂಕಿನಲ್ಲಿದೆ. ಟೇಪು ಹಾಳಾಗಿರಬಹುದು, ಚೀಟಿಯ ಮೇಲಿನ ನಿನ್ನ ಅಕ್ಷರ ಮಾತ್ರ ಮಾಸಿಲ್ಲ. ಪರೀಕ್ಷೆ ಎಂದೋ ಮುಗಿದಿದೆ. ಬಂದು ಒಯ್ಯು.