ಕೈಗುಣ

ಜನವರಿ 14, 2025, ಮಂಗಳವಾರ. ಸಂಕ್ರಾಂತಿ

ಮಾರಿಕಣಿವೆ ಜಲಾಶಯ ಕೋಡಿ ಬಿದ್ದಿದೆ. ಎಳ್ಳು ಬೀರುವುದನ್ನೂ ನಾಳೆಗಿಟ್ಟು ಯಲ್ಲದಕೆರೆಯ ಅರ್ಧ ಊರು ಆ ಕಡೆ ಹೊರಟಿತು. ತಮ್ಮನ ಟ್ರ್ಯಾಕ್ಟರಿನಲ್ಲೇ ಹದಿನಾರು ಜನ. 1933ರಲ್ಲಿ ಒಮ್ಮೆ, ಆಮೇಲೆ 2022ರಲ್ಲಿ, ಈಗ ಮೂರನೇ ಸಲ. ಅಪ್ಪ ಬದುಕಿದ್ದಷ್ಟು ದಿನವೂ ಕೋಡಿ ಕಾಣಲಿಲ್ಲ. ತಾತ ಕಂಡಿದ್ದರಂತೆ. ಆ ಒಂದು ಕಥೆಯನ್ನೇ ಮನೆಯವರೆಲ್ಲ ಹಂಚಿಕೊಂಡು ತಿಂದೆವು.

ನಾನು ಹೋಗಲಿಲ್ಲ. ಜಗಲಿಯ ಮೇಲೆ ಆಗಲೇ ನಾಲ್ಕು ಜನ ಕೂತಿದ್ದರು. ಹಬ್ಬದ ದಿನ ಯಾರು ಬರುತ್ತಾರೆ ಎಂದುಕೊಂಡಿದ್ದೇ ತಪ್ಪು. ಹಿರಿಯೂರಿನ ಬಸ್ ಚಾರ್ಜು ಉಳಿಯುತ್ತದೆ, ಔಷಧಿ ಸಿಹಿ ಇರುತ್ತದೆ, ಡಾಕ್ಟರು ಇಲ್ಲಿಯವನೇ. ಇನ್ನೇನು ಬೇಕು?

ಸಂಜೆ ತಮ್ಮನ ಮಗಳು ವಾಪಸು ಬಂದವಳೇ ಕಾಲು ತೊಳೆಯದೆ ಲೆಕ್ಕಕ್ಕೆ ಕೂತಳು. ಬೆಂಗಳೂರಿನಲ್ಲಿ ಹೋಮಿಯೋಪತಿ ಓದುತ್ತಾಳೆ, ಬಿಎಚ್‌ಎಂಎಸ್ ಎರಡನೇ ವರ್ಷ. "ದೊಡ್ಡಪ್ಪ, ಅಷ್ಟು ನೀರಿಗೆ ಒಂದು ತೊಟ್ಟು ಟಿಂಕ್ಚರ್ ಹಾಕಿ ಕಲಕಿದ್ರೆ ಎಷ್ಟನೇ ಪೊಟೆನ್ಸಿ?" ಮೂವತ್ತು ಟಿಎಂಸಿ ಅಡಿ ನೀರು. ಲೀಟರಿಗೆ ತಂದು, ತೊಟ್ಟಿಗೆ ತಂದು, ಒಂದೊಂದು ಪೊಟೆನ್ಸಿಗೆ ಒಂದು ಸಲದಂತೆ ನೂರರಿಂದ ಭಾಗಿಸುತ್ತಾ ಹೋದಳು. ಎಂಟಕ್ಕೆ ನಿಂತಿತು. ತುಂಬಿದ ಮಾರಿಕಣಿವೆಗೆ ಒಂದು ತೊಟ್ಟು ಬಿದ್ದರೆ ಎಂಟನೇ ಪೊಟೆನ್ಸಿ. ನಾನು ದಿನಾ ಕೊಡುವುದು ಮೂವತ್ತು. ಇನ್ನೂ ಇಪ್ಪತ್ತೆರಡು ಮೆಟ್ಟಿಲು ಆಚೆ. ಹನ್ನೆರಡು ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಭರವಸೆ ಇಲ್ಲ ಎಂಬುದನ್ನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದು ಅಳಿಸಿದ್ದೇನೆ. ಕೆರೆ ಇಟ್ಟು ಯಾರೂ ಹೇಳಿರಲಿಲ್ಲ.

ಜನವರಿ 19, ಭಾನುವಾರ

ಅವಳಿಗೆ ನನ್ನ ಹಳೆಯ ನೋಟ್ಸ್ ಬೇಕಂತೆ. ಟ್ರಂಕು ತೆಗೆದರೆ ಕಂಕನಾಡಿಯ ವಾಸನೆ: ಸ್ಪಿರಿಟ್ಟು, ಹಾಲುಸಕ್ಕರೆ, ಮಳೆಯಲ್ಲಿ ಒಣಗದ ಬಟ್ಟೆ. 1987ರಲ್ಲಿ ಮಳೆಯನ್ನೇ ಸರಿಯಾಗಿ ಕಾಣದ ಊರಿನಿಂದ ಮಂಗಳೂರಿಗೆ ಹೋಗಿ ಬಿದ್ದವನು ನಾನು. ಫಾದರ್ ಮುಲ್ಲರ್ ಹೋಮಿಯೋಪತಿ ಕಾಲೇಜು ಶುರುವಾಗಿ ಆಗ ಎರಡೇ ವರ್ಷ. ಆದರೆ ಬಿಳಿ ಗುಳಿಗೆ ಕಂಕನಾಡಿಯ ಗುಡ್ಡಕ್ಕೆ ಬಂದಿದ್ದು ನೂರು ವರ್ಷ ಮೊದಲು. ಅಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಜೆಸ್ವಿಟ್ ಪಾದ್ರಿ 1880ರಲ್ಲಿ ಅಲ್ಲಿ ಬಡವರಿಗೆ ಔಷಧಿ ಹಂಚಲು ತೊಡಗಿದರು, ಮುಂದೆ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿದರು. ನಮ್ಮ ಸೀಮೆಗೆ ಹೋಮಿಯೋಪತಿ ಬಂದಿದ್ದು ವಾದದಿಂದಲ್ಲ, ಇಂಥವರ ಕೈಯಿಂದ. ಹುಣ್ಣು ತೊಳೆದವನು ಕೊಟ್ಟ ಗುಳಿಗೆಯ ಬಗ್ಗೆ ಯಾರು ತಕರಾರು ತೆಗೆಯುತ್ತಾರೆ?

ನೋಟ್ಸಿನಲ್ಲಿ ಈಗಲೂ ಬೆಲೆ ಇರುವುದು ಒಂದೇ ಪುಟಕ್ಕೆ, ಕೇಸ್ ತೆಗೆದುಕೊಳ್ಳುವ ಪಾಠ. ರೋಗಿ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದುಕೊಳ್ಳಬೇಕು ಎಂದು ಹೋಮಿಯೋಪತಿಯ ಮೂಲಪುರುಷ ಹಾನಿಮನ್ 'ಆರ್ಗನನ್'ನಲ್ಲಿ ಕಟ್ಟಪ್ಪಣೆ ಮಾಡಿದ್ದಾನೆ. ಸರಿ, ಬರೆದುಕೊಂಡೆವು. ಆದರೆ ಹುಡುಕಬೇಕಾದ್ದು ಕೆಂಟನ ರೆಪರ್ಟರಿ ಎಂಬ ಲಕ್ಷಣಗಳ ಕೋಶದಲ್ಲಿ, ಅದು ಇಂಗ್ಲಿಷಿನಲ್ಲಿ. ಚುಚ್ಚುವುದು, ಸೀಳುವುದು, ಸೆಳೆಯುವುದು, ಉರಿಯುವುದು, ಇಷ್ಟು ನೋವು ಅಲ್ಲಿವೆ. ಗೊಲ್ಲರಹಟ್ಟಿಯ ಅಜ್ಜಿಯ ನೋವು ಅಲ್ಲಿಲ್ಲ. "ಮಂಡಿ ಒಳಗೆ ಯಾರೋ ಕುಂತು ರಾಗಿ ಬೀಸ್ದಂಗಾಯ್ತದೆ ಸ್ವಾಮಿ" ಎಂದಳು ಮೊನ್ನೆ. ಬೀಸುವುದು ಎಂದರೆ ಸವೆತವೋ, ಸುತ್ತುವುದೋ, ಸದ್ದೋ? ಕೇಳಿದೆ. "ಬೀಸೋದು ಅಂದ್ರೆ ಬೀಸೋದು" ಎಂದು ನನ್ನನ್ನೇ ಪಾಪದವನಂತೆ ನೋಡಿದಳು.

ಫೆಬ್ರವರಿ 2, ಭಾನುವಾರ

ಹುಡುಗಿ ಕೇಳಿದಳು, "ಇಂಗ್ಲೆಂಡಲ್ಲಿ ಕಲಿಸೋದು ಬೇರೆ ಥರ ಇತ್ತಾ?"

ಬೇರೆ ಲೋಕ. 2011ರಿಂದ ಆರು ವರ್ಷ ಅಲ್ಲಿ ಶನಿವಾರ ಭಾನುವಾರದ ತರಗತಿಗಳಿಗೆ ಪಾಠ ಮಾಡಿದೆ. ಇಲ್ಲಿ ನಮ್ಮ ಹುಡುಗರು ಹೆಣ ಕೊಯ್ದು, ಹೆರಿಗೆ ನೋಡಿ, ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿ ರಿಜಿಸ್ಟ್ರೇಷನ್ ಪಡೆಯಬೇಕು. ಅಲ್ಲಿ ಹೋಮಿಯೋಪತಿ ಮಾಡಲು ಡಾಕ್ಟರೇ ಆಗಿರಬೇಕೆಂಬ ಕಾನೂನಿಲ್ಲ. ನನ್ನ ತರಗತಿಯಲ್ಲಿ ತೋಟಗಾರ, ಬ್ಯಾಂಕಿನವರು, ಇಬ್ಬರು ನರ್ಸು, ನಿವೃತ್ತ ರಸಾಯನಶಾಸ್ತ್ರದ ಮೇಡಮ್ಮು ಒಬ್ಬರು. ಎಲ್ಲರೂ ದುಡ್ಡು ಕೊಟ್ಟು ಪ್ರೀತಿಯಿಂದ ಓದುವವರು. ಒಂದು ಕೇಸಿಗೆ ಎರಡು ಗಂಟೆ, ಬಾಗಿಲು ಹಾಕಿಕೊಂಡು, ರೋಗಿಯ ಕನಸಿನವರೆಗೂ ಹೋಗುವುದು. ಇಲ್ಲಿ ಜಗಲಿಯ ಮೇಲೆ ಐದು ನಿಮಿಷ, ರೋಗಿ ಬಾಯಿ ತೆರೆಯುವ ಮೊದಲೇ ಪಕ್ಕದವಳು ಉತ್ತರ ಕೊಟ್ಟಿರುತ್ತಾಳೆ. ಅಲ್ಲಿ ಪಾಠ ಮಾಡುವಾಗ ಜಗಲಿಯ ಬಗ್ಗೆ ನಾಚಿಕೆಯಿಂದ ಹೇಳುತ್ತಿದ್ದೆ. ಈಗ ಆ ನಾಚಿಕೆ ಇಲ್ಲ. ಪಕ್ಕದವಳ ಉತ್ತರವೇ ಎಷ್ಟೋ ಸಲ ಸರಿ.

ಆ ರಸಾಯನಶಾಸ್ತ್ರದ ಮೇಡಮ್ಮು ಒಂದು ಸಲ ಉಪ್ಪಿನ ಕಥೆ ತೆಗೆದರು. 1835, ನ್ಯೂರೆಂಬರ್ಗ್. ಊರಿನವರು ಸೇರಿ ಒಂದು ಪರೀಕ್ಷೆ ಮಾಡಿದರು. ಕೆಲವು ಬಾಟ್ಲಿಗಳಲ್ಲಿ ಮೂವತ್ತನೇ ಪೊಟೆನ್ಸಿಯ ಉಪ್ಪು, ನಮ್ಮ ನೇಟ್ರಂ ಮ್ಯೂರ್. ಉಳಿದವುಗಳಲ್ಲಿ ಭಟ್ಟಿ ಇಳಿಸಿದ ಹಿಮದ ನೀರು, ಅಷ್ಟೆ. ಬಾಟ್ಲಿಗೆ ನಂಬರು, ಪಟ್ಟಿಗೆ ಮೊಹರು. ಕೊಟ್ಟವನಿಗೂ ಗೊತ್ತಿಲ್ಲ, ಕುಡಿದವನಿಗೂ ಗೊತ್ತಿಲ್ಲ. ಐವತ್ತು ಜನ ವರದಿ ಒಪ್ಪಿಸಿದರು. 42 ಜನಕ್ಕೆ ಏನೂ ಆಗಿರಲಿಲ್ಲ. ಏನೋ ಆಯಿತು ಎಂದ ಎಂಟು ಜನರಲ್ಲಿ ಐವರು ಉಪ್ಪಿನವರು, ಮೂವರು ನೀರಿನವರು. ಹಾನಿಮನ್ ಆಗಿನ್ನೂ ಬದುಕಿದ್ದ, ಅದೇ ವರ್ಷ ಪ್ಯಾರಿಸ್ಸಿಗೆ ಮನೆ ಬದಲಿಸಿದ.

"ನಾವೂ ಒಂದು ಸಲ ಮಾಡೋಣವಾ?" ಎಂದರು ಮೇಡಮ್ಮು. ಮುಂದಿನ ಟರ್ಮಿನಲ್ಲಿ ಎಂದೆ. ಮುಂದಿನ ಟರ್ಮಿನಲ್ಲೂ ಮುಂದಿನ ಟರ್ಮು ಎಂದೆ. 2017ರಲ್ಲಿ ಎನ್‌ಎಚ್‌ಎಸ್ ಇಂಗ್ಲೆಂಡ್ ತನ್ನ ಡಾಕ್ಟರುಗಳಿಗೆ ಹೋಮಿಯೋಪತಿ ಬರೆಯಬೇಡಿ ಎಂದು ಸೂಚನೆ ಕೊಟ್ಟಿತು. ನಮ್ಮ ತರಗತಿಯೂ ಸಣ್ಣದಾಯಿತು, ನಾನು ಗಂಟು ಕಟ್ಟಿದೆ. 2021ರಿಂದ ಫ್ರಾನ್ಸೂ ಇದರ ಖರ್ಚು ತುಂಬಿಕೊಡುವುದನ್ನು ನಿಲ್ಲಿಸಿತು. ನಮ್ಮ ದೇಶದಲ್ಲಿ 2020ರಲ್ಲಿ ಹೋಮಿಯೋಪತಿಗೇ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಅಲ್ಲಿ ಬಾಗಿಲು ಹಾಕಿಕೊಂಡಷ್ಟೂ ಇಲ್ಲಿ ತೆರೆಯುತ್ತಿದೆ. ತೆರೆದ ಬಾಗಿಲಿನಲ್ಲಿ ಉಪ್ಪಿನ ಪ್ರಶ್ನೆ ಕೇಳುವವರು ಕಡಿಮೆ.

ಫೆಬ್ರವರಿ 14, ಶುಕ್ರವಾರ

ರಾಗಿ ಬೀಸುವ ಅಜ್ಜಿ ಮತ್ತೆ ಬಂದಳು. ನಾನು ಕೊಟ್ಟಿದ್ದ ರಸ್ ಟಾಕ್ಸ್ ಗುಳಿಗೆಯಿಂದ ವಾಸಿ ಎಂದಳು. ಹಲ್ಲು ನೋಡಿದೆ, ಕಂದು ಗೆರೆ. ಮೊಮ್ಮಕ್ಕಳ ಹಲ್ಲೂ ಹಾಗೇ. ಅದು ನಮ್ಮ ಸೀಮೆಯ ಬೋರ್‌ವೆಲ್ಲಿನ ಫ್ಲೋರೈಡು. ಅದಕ್ಕೆ ನನ್ನ ಪೆಟ್ಟಿಗೆಯಲ್ಲಿ ಗುಳಿಗೆ ಇಲ್ಲ. ಶುದ್ಧ ನೀರಿನ ಘಟಕದಿಂದ ಎರಡು ಕ್ಯಾನು ತರಿಸಿಕೋ ಎಂದೆ. "ಆ ನೀರು ಸಪ್ಪೆ" ಎಂದಳು.

ಮಾರ್ಚ್ 8, ಶನಿವಾರ. ರಾತ್ರಿ, ನಿದ್ದೆ ಇಲ್ಲ

ಹತ್ತೂವರೆಗೆ ಬಾಗಿಲು ಬಡಿದರು. ಮೋಟ್ರು ಆನ್ ಮಾಡಲು ಶೇಂಗಾ ಹೊಲಕ್ಕೆ ಹೋದ ಹುಡುಗ, ಹದಿನೆಂಟೋ ಹತ್ತೊಂಬತ್ತೋ. ತ್ರೀ ಫೇಸ್ ಕರೆಂಟು ರಾತ್ರಿ ಕೊಡುತ್ತಾರೆ, ಹಾವಿಗೂ ಅದೇ ಹೊತ್ತು. ಪಾದದ ಮೇಲೆ ಎರಡು ತೂತು, ಆಗಲೇ ಊತ. ಕೊಳಕುಮಂಡಲ ಎಂದರು ನೋಡಿದವರು.

ಪೆಟ್ಟಿಗೆಯ ಮೂರನೇ ಸಾಲಿನಲ್ಲಿ ಲ್ಯಾಕೆಸಿಸ್ ಇದೆ. 1828ರಲ್ಲಿ ಸುರಿನಾಮ್‌ನಲ್ಲಿ ಹೆರಿಂಗ್ ಹಾವಿನ ವಿಷ ಹಿಂಡಿಸಿ ಮಾಡಿದ ಔಷಧಿ. ಪರೀಕ್ಷೆಗೆ ಖಾಯಂ ಬರುವ ಪ್ರಶ್ನೆ. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ಕಟ್ಟಿದ್ದ ಹಗ್ಗ ಬಿಚ್ಚಿಸಿ, ಕಾಲು ಅಲ್ಲಾಡದಂತೆ ಪಟ್ಟಿ ಕಟ್ಟಿ, ತಮ್ಮನ ಕಾರಿನಲ್ಲಿ ಮಲಗಿಸಿ, ಹಿರಿಯೂರಿನ ಸರ್ಕಾರಿ ಆಸ್ಪತ್ರೆಗೆ ಹೊರಡಿಸಿದೆ. ಬೇಕಾಗಿದ್ದದ್ದು ಪ್ರತಿವಿಷದ ಇಂಜೆಕ್ಷನ್ನು, ಅದೂ ಬೇಗ.

ಕಾರು ಹೊರಡುವಾಗ ಹುಡುಗನ ಸೋದರಮಾವ ಕಿಟಕಿಯಿಂದ ಕೈ ಚಾಚಿದ. "ದಾರಿಗೆ ಎರಡು ಗುಳಿಗೆ ಹಾಕ್ಬಿಡಿ ಡಾಕ್ಟ್ರೆ, ಹುಡುಗ್ನಿಗೆ ಧೈರ್ಯ." ವಾದ ಮಾಡುವ ಹೊತ್ತಲ್ಲ. ಎಸ್.ಎಲ್. ಕೊಟ್ಟೆ.

ಎಸ್.ಎಲ್. ಎಂದರೆ ಸ್ಯಾಕರಂ ಲ್ಯಾಕ್ಟಿಸ್, ಔಷಧಿ ಬೀಳದ ಬರೀ ಸಕ್ಕರೆ. ಹೊರಗಿನವರಿಗೆ ಈ ಗುಟ್ಟು ಗೊತ್ತಿಲ್ಲ. ಒಂದು ಡೋಸು ಕೊಟ್ಟು ಕಾಯಬೇಕಾದಾಗ ರೋಗಿಗೆ ಬೇಸರ ಆಗದಿರಲೆಂದು ನಾವೆಲ್ಲ ಇದನ್ನು ಕೊಡುತ್ತೇವೆ. ಚೀಟಿಯಲ್ಲಿ ರುಬ್ರಂ, ಫೈಟಂ ಎಂದೆಲ್ಲ ಬರೆಯುವವರೂ ಇದ್ದಾರೆ. ನನ್ನ ಎರಡು ಡ್ರಾಂ ಬಾಟ್ಲಿಗಳಲ್ಲಿ ಅತಿ ಬೇಗ ಖಾಲಿಯಾಗುವುದು ಅದೇ.

ಮಾರ್ಚ್ 16, ಭಾನುವಾರ

ಹುಡುಗ ಮನೆಗೆ ಬಂದಿದ್ದಾನೆ. ಕಾಲು ಇನ್ನೂ ಊದಿದೆ, ಜೀವಕ್ಕೆ ಭಯವಿಲ್ಲ. ಇಂಜೆಕ್ಷನ್ನಿನ ವಯಲು ಮೇಲೆ ವಯಲು ಏರಿಸಿದರಂತೆ. ಸೋದರಮಾವ ಎರಡು ಗೊನೆ ಎಳನೀರು, ಒಂದು ಮೂಟೆ ಶೇಂಗಾ ತಂದು ಜಗಲಿಗೆ ಇಳಿಸಿದ. "ಆಸ್ಪತ್ರೆಯೋರು ಅವರ ಕೆಲ್ಸ ಅವರು ಮಾಡಿದ್ರು. ಅಲ್ಲಿಗಂಟ ಜೀವ ಹಿಡ್ದಿದ್ದು ನಿಮ್ಮ ಗುಳಿಗೆ."

ಎಂಟು ಜನ ಕೂತಿದ್ದರು, ಎಲ್ಲರೂ ತಲೆ ಆಡಿಸಿದರು. ನಾನೂ ಸುಮ್ಮನಿದ್ದೆ. ಶೇಂಗಾ ಒಳಗೆ ಹೋಯಿತು.

ಇಂಗ್ಲೆಂಡಿನಲ್ಲಿ ಮುಂದೂಡುತ್ತಾ ಬಂದಿದ್ದ ಪರೀಕ್ಷೆ ಇಲ್ಲಿ ನನ್ನ ಜಗಲಿಯ ಮೇಲೇ ನಡೆದುಹೋಯಿತೆನ್ನಿಸಿತು. ಉಪ್ಪಿನ ಬಾಟ್ಲಿ ಇಲ್ಲ, ನೀರಿನ ಬಾಟ್ಲಿ ಮಾತ್ರ. ನೀರಿನವನು ಎದ್ದು ಕೂತಿದ್ದಾನೆ, ಹೆಸರು ನನಗೆ ಬಂದಿದೆ. ರಸ್ ಟಾಕ್ಸ್‌ಗೆ ಬಂದ ಹೆಸರೂ ಹೀಗೇ ಬಂದದ್ದೋ? ನಾನು ಮೂವತ್ತು ವರ್ಷ ಬರೆದಿಟ್ಟ ವಾಸಿಯಾದ ಕೇಸುಗಳಲ್ಲಿ ಐವರೆಷ್ಟು, ಮೂವರೆಷ್ಟು?

ಏಪ್ರಿಲ್ 10, ಗುರುವಾರ

ಹಾನಿಮನ್ ಹುಟ್ಟಿದ ದಿನ, 1755. ತಮ್ಮನ ಮಗಳ ಕಾಲೇಜಿನಲ್ಲಿ ಕಾರ್ಯಕ್ರಮ. ಭಾಷಣಕ್ಕೆ ಏನಾದರೂ ಹೇಳಿ ಎಂದು ಬೆಳಿಗ್ಗೆ ಫೋನು ಮಾಡಿದಳು. ಹಾವಿನ ರಾತ್ರಿಯ ಕಥೆ ಹೇಳಿದೆ, ಎಸ್.ಎಲ್. ಸಮೇತ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವರಿಗೆ ಹೇಳಿದ್ರಾ ದೊಡ್ಡಪ್ಪ?"

ಹೇಳಿರಲಿಲ್ಲ. ಮಧ್ಯಾಹ್ನ ಬಿಸಿಲಿನಲ್ಲೇ ಅವರ ಹೊಲಕ್ಕೆ ಹೋದೆ. ಸೋದರಮಾವ ಹುಣಸೆ ಮರದ ಕೆಳಗೆ ಬುತ್ತಿ ಬಿಚ್ಚಿದ್ದ. ಆ ಗುಳಿಗೆಯಲ್ಲಿ ಔಷಧಿ ಇರಲಿಲ್ಲ, ಬರೀ ಸಕ್ಕರೆ, ಹುಡುಗನನ್ನು ಉಳಿಸಿದ್ದು ಇಂಜೆಕ್ಷನ್ನು ಎಂದೆ. ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿ ನನ್ನ ಮುಖ ನೋಡಿದ.

"ಔಷಧಿನೇ ಇರ್ಲಿಲ್ವಾ? ಅಂದ್ರೆ ಬರೀ ಕೈಗುಣದಾಗೇ ಉಳಿಸಿಬಿಟ್ರಾ!"

ಸಂಜೆಯೊಳಗೆ ಊರಿಗೆಲ್ಲ ಮುಟ್ಟಿತ್ತು.

ತಮ್ಮನ ಹತ್ತಿರ ಮಿಕ್ಕಿದ್ದ ಪೇಂಟು ಇಸಿದುಕೊಂಡು ಜಗಲಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದೆ: ಹಾವು ಕಚ್ಚಿದರೆ ಇಲ್ಲಿಗೆ ಬರಬೇಡಿ, 108ಕ್ಕೆ ಫೋನ್ ಮಾಡಿ. ಒತ್ತಕ್ಷರ ಸೊಟ್ಟಗಿದೆ ಎಂದು ತಮ್ಮ ನಕ್ಕ. ಪೇಂಟು ಇನ್ನೂ ಹಸಿಯಾಗಿರುವಾಗಲೇ ಒಬ್ಬ ತಾಯಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಗೋಡೆಯನ್ನು ಒಂದೊಂದೇ ಅಕ್ಷರ ಓದಿದಳು, ಕೊನೆಯವರೆಗೂ.

"ಇವ್ನಿಗೆ ಕಚ್ಚಿದ್ದು ಚೇಳು" ಎಂದಳು.

ತಮ್ಮನಿಗೆ ಕಾರು ತೆಗೆ ಎಂದೆ.