ಲಜ್ಜೆಯ ಹೆಸರಿನಲ್ಲಿ ಮುಚ್ಚಿಟ್ಟ ನೋವು

ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಮುಟ್ಟಿನ ನೋವಿಗೆ ಸಿದ್ಧ ಉತ್ತರವೊಂದಿದೆ: ಮದುವೆಯಾದರೆ ಸರಿಯಾಗುತ್ತದೆ. ಆಗಲೂ ಸರಿಹೋಗದಿದ್ದರೆ, ಒಂದು ಮಗುವಾಗಲಿ ಎನ್ನುತ್ತೇವೆ. ಮಗುವೂ ಆಗದಿದ್ದಾಗ ಮಾತ್ರ ವೈದ್ಯರ ನೆನಪಾಗುತ್ತದೆ. ಅಷ್ಟರಲ್ಲಿ ಕೆಲವು ಅಮೂಲ್ಯ ವರ್ಷಗಳು ಕಳೆದುಹೋಗಿರುತ್ತವೆ.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂಡಾಶಯ, ಕರುಳು ಮುಂತಾದೆಡೆ ಬೆಳೆಯುವುದನ್ನು ಎಂಡೊಮೆಟ್ರಿಯೋಸಿಸ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನಯೋಗ್ಯ ವಯಸ್ಸಿನ ಶೇ. 10ರಷ್ಟು, ಅಂದರೆ ಸುಮಾರು 19 ಕೋಟಿ ಸ್ತ್ರೀಯರು ಇದರಿಂದ ಬಳಲುತ್ತಿದ್ದಾರೆ. ಹೀಗಿದ್ದೂ ಇದರ ಹೆಸರು ನಮ್ಮಲ್ಲಿ ಅಪರಿಚಿತ.

ನಮ್ಮ ಕುಟುಂಬದ ಸೊಸೆಯೊಬ್ಬಳು ಶಿರೂರಿನಿಂದ ಕುಂದಾಪುರಕ್ಕೆ, ಅಲ್ಲಿಂದ ಮಣಿಪಾಲಕ್ಕೆ ಅಲೆದ ಮೇಲೆ ಎರಡೂ ಅಂಡಾಶಯಗಳಲ್ಲಿ ಗಂಟುಗಳಿರುವುದು ತಿಳಿಯಿತು. ಹಳೆಯ ರಕ್ತ ತುಂಬಿದ ಇಂತಹ ಗಂಟಿಗೆ ಅದರ ಬಣ್ಣದಿಂದಾಗಿ ಚಾಕೊಲೇಟ್ ಸಿಸ್ಟ್ ಎಂಬ ಹೆಸರು. (ಇಷ್ಟು ಕಷ್ಟ ಕೊಡುವ ವಸ್ತುವಿಗೆ ಎಂತಹ ಸಿಹಿ ಹೆಸರು!) ಎಲ್ಲವನ್ನೂ ಒಮ್ಮೆಗೇ ತೆಗೆಸಿಬಿಡಿ, ನೋವಾದರೂ ತಪ್ಪಲಿ ಎಂದು ಹಿರಿಯರು ಹೇಳಿದರು. ಅವಳು ವೈದ್ಯರಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಗಂಟು ತೆಗೆದ ಮೇಲೆ ನನಗೆ ಅಂಡಗಳು ಉಳಿಯುತ್ತವೆಯೇ?"

ಆ ಪ್ರಶ್ನೆ ಸಕಾಲಿಕವಾಗಿತ್ತು. ಗಂಟಿನ ದ್ರವವನ್ನಷ್ಟೇ ಹೀರಿ ತೆಗೆದರೆ ಅದು ಮತ್ತೆ ತುಂಬಿಕೊಳ್ಳುವ ಸಾಧ್ಯತೆ ಹೆಚ್ಚು. ಗಂಟಿನ ಕೋಶವನ್ನು ಸುಲಿದು ತೆಗೆಯುವಾಗ ಅದರೊಂದಿಗೆ ಆರೋಗ್ಯವಂತ ಅಂಡಾಶಯದ ಭಾಗವೂ ಹೋಗಬಹುದು. ಎರಡೂ ಕಡೆ ಗಂಟಿದ್ದರೆ, ಶಸ್ತ್ರಚಿಕಿತ್ಸೆ ಮರುಕಳಿಸಿದರೆ ಅಪಾಯ ಇನ್ನೂ ಹೆಚ್ಚು. ಆದುದರಿಂದ ಮೊದಲೇ ಎ.ಎಂ.ಎಚ್. ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ಮೂಲಕ ಅಂಡಗಳ ಸಂಗ್ರಹವನ್ನು ಅಂದಾಜಿಸುತ್ತಾರೆ. ಅಗತ್ಯವಿದ್ದರೆ ಅಂಡಗಳನ್ನು ಶೈತ್ಯೀಕರಿಸಿ ಇಡುವ ಮಾರ್ಗವೂ ಇದೆ. ಲ್ಯಾಪರೊಸ್ಕೋಪಿಯಲ್ಲಿ ಸುಡುವಿಕೆಯನ್ನು ಆದಷ್ಟು ಮಿತಗೊಳಿಸಿ ಅಂಡಾಶಯವನ್ನು ಉಳಿಸಿಕೊಳ್ಳುತ್ತಾರೆ. ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಡವಾಗಬಹುದು.

ಸಂತಾನವನ್ನು ಕೊಡುವುದೂ ಕೊಡದಿರುವುದೂ ಅಲ್ಲಾಹನ ತೀರ್ಮಾನವೆಂದು ಸೂರಃ ಅಶ್ಶೂರಾ ತಿಳಿಸುತ್ತದೆ. ಹಾಗಿರುವಾಗ ಬಂಜೆಯೆಂಬ ಮಾತಿನಿಂದ ಅವಳನ್ನು ಇರಿಯುವ ಹಕ್ಕು ನಮಗೆ ಯಾರು ಕೊಟ್ಟರು? ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವೂ ಅಲ್ಲ. ಪತಿಪತ್ನಿಯರದೇ ಅಂಡ ಮತ್ತು ವೀರ್ಯದಿಂದ ನಡೆಯುವ ಪ್ರನಾಳ ಶಿಶು ಚಿಕಿತ್ಸೆಗೆ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1986ರ ಅಮ್ಮಾನ್ ಅಧಿವೇಶನದಲ್ಲೇ ಅವಕಾಶ ನೀಡಿದೆ. ಧರ್ಮವನ್ನು ಕಲಿಯಲು ಲಜ್ಜೆ ಅಡ್ಡಿಯಾಗಲಿಲ್ಲವೆಂದು ಹಝ್ರತ್ ಆಯಿಶಾ(ರ) ಅನ್ಸಾರ್ ಸ್ತ್ರೀಯರನ್ನು ಪ್ರಶಂಸಿಸಿದ್ದರು. ನಮ್ಮ ಹೆಣ್ಣುಮಕ್ಕಳಿಗೋ ತಾಯಿಯೊಂದಿಗೂ ಮುಟ್ಟಿನ ನೋವಿನ ಕುರಿತು ಬಾಯಿಬಿಡಲು ಸಂಕೋಚ.

ಪತಿಯ ವೀರ್ಯ ಪರೀಕ್ಷೆಯೂ ಮೊದಲ ಹಂತದಲ್ಲೇ ಆಗಬೇಕು. ಗಂಡಸರು ಇದನ್ನು ಅವಮಾನವೆಂದು ಭಾವಿಸಿ ತಿಂಗಳುಗಟ್ಟಲೆ ಮುಂದೂಡುತ್ತಾರೆ. ಅವಿವಾಹಿತೆಯರಿಗೆ ಶಸ್ತ್ರಚಿಕಿತ್ಸೆಯ ಬಳಿಕ ಗಂಟು ಮರಳದಂತೆ ಹಾರ್ಮೋನ್ ಮಾತ್ರೆಗಳನ್ನು ನೀಡುವುದುಂಟು. ಇವು ಸಂತಾನವನ್ನೇ ತಡೆದುಬಿಡುತ್ತವೆಂದು ಹೆದರಿ ಅರ್ಧದಲ್ಲೇ ನಿಲ್ಲಿಸುವವರಿದ್ದಾರೆ. ಮಾತ್ರೆ ನಿಂತ ಬಳಿಕ ಅಂಡೋತ್ಪತ್ತಿ ಸಾಮಾನ್ಯವಾಗಿ ಮರಳುತ್ತದೆ. ನಿಲ್ಲಿಸಬೇಕಾದದ್ದು ಯಾವಾಗ ಎಂಬುದನ್ನು ವೈದ್ಯರಲ್ಲೇ ಕೇಳಬೇಕು.