ಕನ್ನಡ ಬಾರದ ಗಣಕದಲ್ಲಿ ಕಲ್ಯಾಣದ ಹೆಸರುಗಳು

ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಪೂರ್ತಿಯಾದ ಮೇಲೆ ಹುಮನಾಬಾದ್‌ಗೆ ಹೋಗಿಬರುವುದು ಸಲೀಸಾಗಿದೆ. ವೀರಭದ್ರೇಶ್ವರನ ದರ್ಶನ ಮಾಡಿ, ಮಾಣಿಕಪ್ರಭುಗಳ ಮಾಣಿಕನಗರ ನೋಡಿಕೊಂಡು, ಅಲ್ಲಿಂದ ಜಲಸಂಗ್ವಿಗೆ ಹೋದೆ. ಆ ಊರಿನ ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆಯಿದ್ದಾಳೆ. ನಮಗೆ ಬೆನ್ನು ಮಾಡಿ, ಬಳುಕಿ ನಿಂತು, ಕೈಯೆತ್ತಿ ಶಾಸನ ಬರೆಯುತ್ತಿದ್ದಾಳೆ. ಅವಳು ಬರೆದ ಸಾಲಿನಲ್ಲಿ ವಿಕ್ರಮಾದಿತ್ಯನ ಹೆಸರಿದೆ. 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ದೊರೆ ಆತ. ಆ ಕಾಲದ ಅಕ್ಷರ ಇವತ್ತಿಗೂ ಕಣ್ಣಿಗೆ ಕಾಣುತ್ತದೆ, ಬಲ್ಲವರಿಗೆ ಓದಲೂ ಬರುತ್ತದೆ. ನಮ್ಮ ಕಾಲದ ಅಕ್ಷರಗಳು ಎಷ್ಟು ದಿನ ಬಾಳಿಯಾವು ಎಂದುಕೊಳ್ಳುತ್ತಲೇ ಬಸವಕಲ್ಯಾಣದ ಬಸ್ಸು ಹತ್ತಿದೆ.

ಬಸವಕಲ್ಯಾಣದಲ್ಲಿ ಶರಣರ ಹೆಸರು ಹಿಡಿದೇ ಊರು ಸುತ್ತಬಹುದು. ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ತ್ರಿಪುರಾಂತ ಕೆರೆ, ಕೋಟೆ. ಕಂಡದ್ದನ್ನೆಲ್ಲ ಲ್ಯಾಪ್‌ಟಾಪಿನ ಒಂದು ಕಡತದಲ್ಲಿ ಬರೆದುಕೊಂಡೆ.

ಸಂಜೆ ಗೆಳೆಯನ ಮನೆ ಸೇರಿದೆ. ಒಂದು ಕಾಲದಲ್ಲಿ ಲಗ್ನಪತ್ರಿಕೆ, ಕರಪತ್ರ ಮಾಡಿಕೊಡುತ್ತಿದ್ದ ಗಣಕವೊಂದು ಅಲ್ಲಿ ವಿಂಡೋಸ್ 98ರ ಜೊತೆ ಇನ್ನೂ ಜೀವಂತವಾಗಿದೆ. ಯೂನಿಕೋಡ್ ಕನ್ನಡ ಅದಕ್ಕೆ ಬಾರದು. ವಿಂಡೋಸ್‌ಗೆ ಕನ್ನಡ ಬಂದದ್ದೇ 2001ರ ಎಕ್ಸ್‌ಪಿಯಲ್ಲಿ, ತುಂಗಾ ಅಕ್ಷರಶೈಲಿಯೊಂದಿಗೆ. ಅದಕ್ಕೆ ಮುಂಚೆ 'ಬರಹ'ದಂಥ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ನಮ್ಮ ಕೆಲಸ ನಡೆಸಿಕೊಟ್ಟವು. ನನ್ನ ಕಡತವನ್ನು ಆ ಗಣಕದ ನೋಟ್‌ಪ್ಯಾಡಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಮಾತ್ರ ಕಂಡಿತು.

ಆಗ ಇನ್ನೊಂದು ದಾರಿ ಹೊಳೆಯಿತು. ಯುನಿಕ್ಸ್, ಲಿನಕ್ಸ್‌ಗಳಲ್ಲಿ ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ವ್ಯವಸ್ಥೆಗೆ 'ಎಕ್ಸ್' ಎಂದು ಹೆಸರು. ಯುನಿಕ್ಸ್ ಬಗೆಯ ತಂತ್ರಾಂಶಗಳನ್ನು ವಿಂಡೋಸ್‌ನಲ್ಲಿ ಓಡಿಸುವ 'ಸಿಗ್ವಿನ್'ನ ಹಳೆಯ ಎಕ್ಸ್ ಸರ್ವರ್ ಸಿಡಿಯಲ್ಲಿ ನನ್ನ ಬಳಿ ಇತ್ತು. ಸಿಗ್ವಿನ್ 1.7ರಿಂದ ವಿಂಡೋಸ್ 98ರ ಬೆಂಬಲ ನಿಂತುಹೋಗಿದೆ, 1.5ರ ಕಾಲದ್ದೇ ಆಗಬೇಕು. ಎರಡು ಯಂತ್ರಗಳ ನಡುವೆ ಒಂದು ಕೇಬಲ್ ಎಳೆದೆವು. ಸರ್ವರ್ ಶುರುವಾದಾಗ ಪರದೆಯ ಮೇಲೆ ಬೂದು ಬಣ್ಣದ ಸಣ್ಣ ನೇಯ್ಗೆ, ನಡುವೆ ಗುಣಾಕಾರದ ಚಿಹ್ನೆಯಂಥ ಕರ್ಸರ್. ಎಕ್ಸ್‌ಹೋಸ್ಟ್ ಆಜ್ಞೆಯಿಂದ ನನ್ನ ಲ್ಯಾಪ್‌ಟಾಪಿಗೆ ಒಳಗೆ ಬರಲು ಅನುಮತಿ ಕೊಟ್ಟೆವು. ಲ್ಯಾಪ್‌ಟಾಪಿನ ಲಿನಕ್ಸ್‌ಗೆ 'ಡಿಸ್‌ಪ್ಲೇ' ಎಂದರೆ ಆ ಗಣಕದ ಪರದೆ ಎಂದು ತಿಳಿಸಿ, ಒಂದು ಸಣ್ಣ ಎಡಿಟರ್ ಓಡಿಸಿದೆ.

ಲ್ಯಾಪ್‌ಟಾಪಿನಲ್ಲಿ ಏನೂ ಕಾಣಲಿಲ್ಲ. ವಿಂಡೋಸ್ 98ರ ಪರದೆಯ ಮೇಲೆ ಕಿಟಕಿ ತೆರೆದುಕೊಂಡಿತು. ಅದರೊಳಗೆ ಬಸವಕಲ್ಯಾಣ, ಅಕ್ಕನಾಗಮ್ಮ, ತ್ರಿಪುರಾಂತ! 'ಲ್ಯಾ'ದ ಯಕಾರ ತನ್ನ ಜಾಗದಲ್ಲಿ, 'ತ್ರಿ'ಯ ಒತ್ತು ತನ್ನ ಜಾಗದಲ್ಲಿ. ಗೆಳೆಯ ಹಳೆಯ ಕೀಲಿಮಣೆಯಲ್ಲಿ ಒಂದು ಕೀಲಿ ಒತ್ತಿದ. ಅದು ಕೇಬಲ್ ದಾಟಿ ನನ್ನ ಲ್ಯಾಪ್‌ಟಾಪಿಗೆ ಹೋಗಿ, ಅಕ್ಷರವಾಗಿ ಮರಳಿ ಅವನ ಕಣ್ಣೆದುರೇ ಮೂಡಿತು. ಇಬ್ಬರೂ ಬಾಯಿ ತೆರೆದು ನೋಡಿದೆವು.

ಇದು ಹೇಗೆ ಸಾಧ್ಯ? ಎಕ್ಸ್‌ನಲ್ಲಿ ಪರದೆ, ಕೀಲಿಮಣೆ, ಮೌಸ್ ಇರುವ ಯಂತ್ರವೇ ಸರ್ವರ್. ಪ್ರೋಗ್ರಾಂ ಬೇರೆಲ್ಲೋ ಓಡಬಹುದು. ಒತ್ತಕ್ಷರ ಜೋಡಿಸುವ ವಿದ್ಯೆಯೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಅದು ಸಿದ್ಧ ಅಕ್ಷರಗಳ ಚಿತ್ರಗಳನ್ನೇ ಕಳಿಸಿತು, ಹಳೆಯ ಗಣಕ ಅವನ್ನು ಹೇಳಿದ ಜಾಗದಲ್ಲಿ ಇಟ್ಟಿತು. ಕೀತ್ ಪ್ಯಾಕರ್ಡ್ ರೂಪಿಸಿದ 'ರೆಂಡರ್' ಎಂಬ ವಿಸ್ತರಣೆಯಿಂದ ಇದು ಆಗುತ್ತದೆ. ಎಕ್ಸ್ ಹುಟ್ಟಿದ್ದು 1984ರಲ್ಲಿ, ಅಮೆರಿಕದ ಎಂಐಟಿಯಲ್ಲಿ, ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಅವರ ಕೈಯಲ್ಲಿ. ಅದರ 11ನೇ ಆವೃತ್ತಿ ಹೊರಬಂದದ್ದು 1987ರ ಸೆಪ್ಟೆಂಬರಿನಲ್ಲಿ. ಅಂದಿನ ನಿಯಮಗಳನ್ನು ಬರೆದು ಎಲ್ಲರ ಮುಂದಿಟ್ಟರು, ಆಮೇಲೆ ಬಂದವರು ಹೊಸದನ್ನು ಸೇರಿಸಿದರೇ ಹೊರತು ಹಳೆಯದನ್ನು ಮುರಿಯಲಿಲ್ಲ. ಅದಕ್ಕೇ ಇಂದಿನ ಎಡಿಟರ್ ಕಳೆದ ಶತಮಾನದ ಗಣಕದೊಂದಿಗೆ ಮಾತಾಡಿತು. ಬಾಳುವ ತಂತ್ರಾಂಶ ಎಂದರೆ ಇದು ಎಂದು ನನಗೆ ಮನದಟ್ಟಾಯಿತು.

ಲಿನಕ್ಸ್ ಲೋಕ ಈಗ ಎಕ್ಸ್‌ನ ಬದಲಿಗೆ ಬಂದ ವೇಲ್ಯಾಂಡ್ ಕಡೆ ಹೊರಳಿದೆ, ಎಕ್ಸ್‌ನ ದಿನಗಳು ಇಳಿಮುಖವಾಗಿವೆ. ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಗಣಕವಿದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಹೀಗೆ ಮಾಡಿ ನೋಡಿ. ಈ ಸಂಪರ್ಕಕ್ಕೆ ಗೂಢಲಿಪಿಯ ರಕ್ಷಣೆ ಇಲ್ಲ, ಹಾಗಾಗಿ ಇಂಟರ್ನೆಟ್ಟಿಗೆ ಮಾತ್ರ ಜೋಡಿಸಬೇಡಿ. ಎರಡು ಯಂತ್ರ, ಒಂದು ಕೇಬಲ್ ಸಾಕು.